ತೊಳೆದಿಟ್ಟ ಮಿಲ್ಲು

ಅಕ್ಟೋಬರ್ 3, ಶುಕ್ರವಾರ. ಕಾರಿಮಂಗಲಂ.

ಮಿಲ್ಲಿನ ಹೆಂಗಸರಿಗೆ ಕೊಡುತ್ತೇನೆ ಎಂದು ಮಾಲೀಕ ಒಪ್ಪಿದ್ದು ಮಾಸ್ಕು, ಧೂಳು ಎಳೆಯುವ ಫ್ಯಾನು, ವರ್ಷಕ್ಕೊಮ್ಮೆ ಎದೆಯ ಎಕ್ಸ್‌ರೇ. ಒಂದನ್ನೂ ಕೊಡಲಿಲ್ಲ. ಮಿಲ್ಲಿನಲ್ಲಿ ಧೂಳೇ ಇಲ್ಲ ಎಂಬುದು ಮಾಲೀಕನ ವಾದ. ಇವತ್ತು ತಪಾಸಣೆಗೆ ಬಂದ ಅಧಿಕಾರಿಯೂ ಅದನ್ನೇ ಬರೆದುಕೊಂಡು ಹೋದ.

ತಪಾಸಣೆ ಈ ದಿನವೇ ಆಗಬೇಕೆಂದು ಕಾರ್ಮಿಕ ಸಂಘದ ಪರವಾಗಿ ಹಟ ಹಿಡಿದವನು ನಾನು. ಮೊನ್ನೆ ಆಯುಧಪೂಜೆ. ಬೆಣಚುಕಲ್ಲನ್ನು ಟೈಲ್ಸಿಗೆಂದು ನುಣ್ಣಗೆ ಪುಡಿ ಮಾಡುವ ಡ್ರಮ್ಮನ್ನು, ಸುತ್ತಲಿನ ಗೋಡೆಯನ್ನು ಹೆಂಗಸರು ಉಜ್ಜಿ ತೊಳೆದು ಕುಂಕುಮ ಇಟ್ಟಿದ್ದರು. ಆಮೇಲೆ ಮಿಷನ್ ಇನ್ನೂ ಓಡಿರಲಿಲ್ಲ. ಅಧಿಕಾರಿ ಡ್ರಮ್ಮನ್ನು ಸವರಿ ನೋಡಿದ. ಬೆರಳಿಗೆ ಹತ್ತಿದ್ದು ಕುಂಕುಮ.

ಅವನು ಹೋದ ಮೇಲೆ ಮಾದಕ್ಕನ ಮೇಲೆ ಕೂಗಾಡಿದೆ. ಹನ್ನೆರಡು ವರ್ಷ ಆ ಡ್ರಮ್ಮಿಗೆ ಕಲ್ಲು ಸುರಿದು ಎದೆ ಕೆಡಿಸಿಕೊಂಡವಳ ಮೇಲೆ. "ಯಾರು ತೊಳೆಯೋಕೆ ಹೇಳಿದ್ದು?"

ಅವಳು ಕೆಮ್ಮಿ ಮುಗಿಸಿ ಹೇಳಿದಳು: "ಅನ್ನ ಆಕೋ ಮಿಲ್ಲನ್ನ ಪೂಜೆಗೆ ತೊಳೀದೆ ಇರ್ತಾರಾ ತಮ್ಮ? ನೀನೂ ಬಂದು ಪೊರಿ ಕಡಲೆ ತಿಂದೆಯಲ್ಲ. ಆವಾಗ ಬಾಯಿ ತುಂಬಿತ್ತಾ?"

ಹೆಂಗಸರು ನಕ್ಕರು. ಹೌದು, ಪೂಜೆಯ ಮಂಡಕ್ಕಿ-ಕಡಲೆ ತಿಂದಿದ್ದೆ. ಈ ಗೋಡೆಗೆ ಹಸಿರು ಬಣ್ಣ ಇದೆಯೆಂದು ಈಗ ಗೊತ್ತಾಯಿತು ಎಂದು ತಮಾಷೆಯನ್ನೂ ಮಾಡಿದ್ದೆ. ಸಾಕ್ಷ್ಯವೆಲ್ಲ ನನ್ನ ಕಣ್ಣೆದುರೇ ಚರಂಡಿಗೆ ಹರಿಯುತ್ತಿತ್ತು.

ಇಪ್ಪತ್ತು ವರ್ಷದ ಚಳವಳಿ. ಮಾಲೀಕನ ಮೇಲೆ ಎತ್ತಬೇಕಿದ್ದ ದನಿಯನ್ನು ಅವಳ ಮೇಲೆ ಎತ್ತಿದೆ. ಹೊಸ ಮನವಿ ಬರೆಯಲು ಕೈ ಏಳುತ್ತಿಲ್ಲ. ಕೂಗಿದ್ದು ಎಲ್ಲರೆದುರು, ಕ್ಷಮೆ ಕೇಳುವುದೂ ಎಲ್ಲರೆದುರೇ ಆಗಬೇಕು. ತಪಾಸಣೆಯ ದಿನವನ್ನು ಈ ಸಲ ಅವಳೇ ಹೇಳಲಿ. ಸಭೆ ಅವಳ ಮನೆ ಜಗಲಿಯಲ್ಲಿ, ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ.