ಹೊಳೆಗೆಂದು ಒಯ್ದ ಉಡಿ

ನನ್ನ ಅವ್ವಾ,

ಅಕ್ಷರ ಸೊಟ್ಟಗಿವೆ, ತಪ್ಪುಗಳೂ ಇರುತ್ತವೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ಕೈ ಇದು, ಬೈಯಬೇಡ. ಹೈದರಾಬಾದಿಗೆ ಮರಳಿ ಬಂದೆ. ಎಲ್ಲಿಗೆ ಹೋಗಿದ್ದೆ ಎಂದು ನಿನ್ನ ಬಿಟ್ಟು ಯಾರಿಗೆ ಹೇಳಲಿ?

ನಿನ್ನನ್ನು ಮಣ್ಣಿಗೆ ಒಯ್ಯುವ ದಿನ ಹಸಿರು ಬಳೆ, ಅಕ್ಕಿ, ಕುಪ್ಪಸದ ಬಟ್ಟೆ ತಂದು ನಿನ್ನ ಉಡಿ ತುಂಬಲು ಬಗ್ಗಿದ್ದೆ. ದೊಡ್ಡವ್ವ ಕೈ ಹಿಡಿದಳು. "ಗಂಡ ಇಲ್ಲದಾಕಿಗೆ ಉಡಿ ತುಂಬ್ತಾರೇನು? ಮಂದಿ ಏನಂದಾರು!" ಅಪ್ಪ ಹೋದ ಮೇಲೆ ಮರಳು ಹೊತ್ತು ನನ್ನನ್ನು ಸಾಕಿದ ನೀನು ಬರೀ ಮಡಿಲಲ್ಲಿ ಹೋದೆ. ಆ ಗಂಟು ನನ್ನ ಹತ್ತಿರವೇ ಉಳಿಯಿತು.

ವಿಮಾನ ಹತ್ತುವಾಗ ಅದನ್ನು ಚೀಲದ ತಳದಲ್ಲಿ ಇಟ್ಟೆ. ನಾನು ಕೆಲಸ ಮಾಡುವ ಹಿಮಾಯತ್‌ನಗರದ ಮನೆಯವರು ಮಗುವನ್ನು ನೋಡಿಕೊಳ್ಳಲೆಂದು ನನ್ನನ್ನೂ ವಿಯೆಟ್ನಾಮಿಗೆ ಕರೆದೊಯ್ದರು. ಊರಲ್ಲಿ ಭೀಮಾ ಹೊಳೆಗೆ ಉಡಿ ತುಂಬುವಾಗ ನೀನು ದೂರ ನಿಂತು, "ನೀ ತುಂಬವ್ವಾ, ನಾ ಮುಟ್ಟಬಾರ್ದು" ಅನ್ನುತ್ತಿದ್ದೆಯಲ್ಲ. ನಿನಗೆ ಕೊಡಬಾರದಿದ್ದರೆ ಹೊಳೆಗಾದರೂ ಕೊಡುತ್ತೇನೆ, ನಿನ್ನ ಹೆಸರಲ್ಲಿ, ಗುರುತಿನವರಿಲ್ಲದ ಕಡೆ ಎಂದುಕೊಂಡೆ.

ಹೋಯ್ ಆನ್ ಎಂಬ ಹಳೇ ಪೇಟೆಯಲ್ಲಿ ಬೆಳಿಗ್ಗೆಯಿಂದ ತಿರುಗಿದೆವು. ಹಡಗಿನ ವ್ಯಾಪಾರಿಗಳ ಕಾಲದ ಮನೆಗಳಂತೆ. ಅರಿಸಿನ ಬಳಿದಂಥ ಗೋಡೆ, ಚಾವಣಿ ಹೊದ್ದ ಸೇತುವೆ, ಓಣಿ ತುಂಬ ರೇಷ್ಮೆಯ ಬುಟ್ಟಿದೀಪ. ಎಲ್ಲರೂ ಫೋಟೊ ತೆಗೆದರು. ನಾನು ಹೊಳೆಯನ್ನೇ ನೋಡಿದೆ.

ಮಧ್ಯಾಹ್ನ ದೋಣಿ ಹತ್ತಿದಾಗ ಗಂಟನ್ನು ಚೀಲದಿಂದ ತೆಗೆದು ಹಿಡಿದುಕೊಂಡೆ. ಹುಟ್ಟು ಹಾಕುತ್ತಿದ್ದವಳಿಗೆ ನಿನ್ನದೇ ವಯಸ್ಸು, ನಿನ್ನವೇ ಒಡೆದ ಕೈಗಳು. ನಾಚುತ್ತ ಗಂಟನ್ನು ನೀರಿನ ಕಡೆ ಚಾಚಿದೆ. ತನಗೇ ಕೊಡುತ್ತಿದ್ದೇನೆಂದು ತಿಳಿದು ಅವಳು ಹುಟ್ಟು ಬಿಟ್ಟು, ಅಂಗಿಯ ಅಂಚು ಹಿಡಿದು ಒಡ್ಡಿದಳು. ಇಲ್ಲವೆಂದು ಹೇಗೆ ಹೇಳಲಿ? ಹಾಕಿಬಿಟ್ಟೆ. ನಗುತ್ತ ಬಳೆ ಏರಿಸಿಕೊಂಡಳು.

ಪಕ್ಕದಲ್ಲಿ ಕುಳಿತಿದ್ದ, ನಾನು ಕೆಲಸ ಮಾಡುವ ಮನೆಯ ಅಜ್ಜಿಗೆ ನಗು ತಡೆಯಲಿಲ್ಲ. ಅವರೂ ನಮ್ಮ ಕಲಬುರಗಿ ಕಡೆಯವರು. "ಅಯ್ಯ ಹುಚ್ಚಿ, ಹೊಳಿಗೆ ತಂದಿದ್ದು ಮುದುಕಿ ಉಡ್ಯಾಗ ಹಾಕಿದ್ಯಲ್ಲ! ಆಕಿಗೆ ಗಂಡ ಅದಾನೋ ಇಲ್ಲೋ, ಕೇಳಿದೇನು?"

"ಯಾವ ಭಾಷ್ಯಾಗ ಕೇಳಲಿ ರೀ?"

"ಭಾಳ ಶಾಣ್ಯಾಕಿ ಆಗೀದಿ" ಎಂದು ತಲೆಗೆ ಮೊಟಕಿದರು. ಆಮೇಲೆ ಆ ಹೆಂಗಸಿನ ಹಸಿರು ಬಳೆಯ ಕೈಯನ್ನೇ ನೋಡುತ್ತ ಕುಳಿತರು. ಅಜ್ಜನವರು ತೀರಿಹೋದಂದಿನಿಂದ ಅವರ ಕೈ ಬರಿದು.

ದೋಣಿ ಇಳಿದ ಮೇಲೆ ಮಗುವನ್ನು ಎತ್ತಿಕೊಂಡು, ಅದರ ಬೆನ್ನಿಗೆ ಮುಖ ಒತ್ತಿ ಅತ್ತೆ. ಯಾರೋ ನಕ್ಕು ತೆಗೆದುಕೊಂಡರು, ಸಂತೋಷವೇ. ಆದರೆ ಅವಳು ನೀನಲ್ಲವಲ್ಲ ಅವ್ವಾ. ನಿನ್ನದೇ ಮಡಿಲು ಬೇಕಿತ್ತು ನನಗೆ. ಅದನ್ನು ಎಲ್ಲಿ ಹುಡುಕಲಿ?

ಇವತ್ತು ಬೆಳಿಗ್ಗೆ ಬೇಗಂ ಬಜಾರಿನಿಂದ ಹೊಸ ಕುಪ್ಪಸದ ಬಟ್ಟೆ ತಂದೆ. ಅಕ್ಕಿ, ಬಳೆ ಇಟ್ಟುಕೊಂಡು ಅಜ್ಜಿಯ ಮುಂದೆ ನಿಂತೆ. "ಬ್ಯಾಡ ಬ್ಯಾಡ, ಸೊಸಿ ನೋಡ್ಯಾಳು" ಎಂದರು. ನಾನು ಸರಿಯಲಿಲ್ಲ. ಅವರು ಒಮ್ಮೆ ಬಾಗಿಲ ಕಡೆ ನೋಡಿದರು. ಆಮೇಲೆ ಸೆರಗು ಒಡ್ಡಿದರು.