ಗಡಿಯಾಚೆಯ ಗಂಟೆ

ವರ್ರಾಬಿ ಹೆಡ್ಸ್
ಗುರುವಾರ, ಜನವರಿ 23
ನಮ್ಮಲ್ಲಿ ಬೆಳಿಗ್ಗೆ ಹತ್ತು, ನಿನ್ನ ಕಡೆ ಒಂಬತ್ತು

ಡೆಸ್,

ಹೆಸರಿನ ಮುಂದೆ ‘ಪ್ರೀತಿಯ’ ಎಂದು ಸೇರಿಸಲು ಹೋದೆ, ಕೈ ಬರಲಿಲ್ಲ. ಪತ್ರದ ಕೊನೆಗೆ ಬರುವಷ್ಟರಲ್ಲಿ ಸಿಟ್ಟು ಇಳಿದಿದ್ದರೆ ನೋಡೋಣ.

ಕೈಬರಹ ನೋಡಿ ಗಾಬರಿಯಾಗಬೇಡ, ಯಾರೂ ಸತ್ತಿಲ್ಲ. ಇಮೇಲ್ ಮಾಡೋಣವೆಂದರೆ ನೀನು ಹಾಕಿಕೊಟ್ಟು ಹೋದ ಹೊಸ ಸಿಸ್ಟಮ್ ನನ್ನನ್ನೇ ‘ನೀನು ಯಾರು?’ ಎಂದು ಕೇಳುತ್ತಿದೆ. ನನ್ನ ಮನೆಯಲ್ಲಿ, ನನ್ನ ಮೇಜಿನ ಮೇಲೆ ಕೂತು! ಪಾಸ್‌ವರ್ಡ್ ಹೊಡೆದರೆ ಸಾಲದಂತೆ, ಮುಖ ತೋರಿಸಬೇಕಂತೆ. ತೋರಿಸಿದೆ. ಗುರುತು ಸಿಗಲಿಲ್ಲವೆಂದಿತು. ಕನ್ನಡಕ ತೆಗೆದು ತೋರಿಸಿದೆ. ಆಗ ಅದಕ್ಕೆ ನಾನು ಕಾಣಿಸಿದೆನೋ ಏನೋ, ನನಗೆ ಅದು ಕಾಣಿಸಲಿಲ್ಲ. ಇನ್ನು ಫೋನನ್ನು ನೀನು ಎತ್ತುವುದಿಲ್ಲ. ಅದಕ್ಕೇ ಕಾಗದ, ಪೆನ್ನು. ಇವೆರಡೂ ನನ್ನನ್ನು ಏನೂ ಕೇಳಲಿಲ್ಲ.

ಇದನ್ನು ನಾನೇ ನಡೆದುಬಂದು ನೀನು ಬೀಡುಬಿಟ್ಟಿರುವ ಲ್ಯಾನ್ಸ್‌ನ ಗ್ಯಾರೇಜಿನ ಬಾಗಿಲ ಕೆಳಗೆ ತೂರಿಸುತ್ತೇನೆ. ನಮ್ಮ ಮನೆಯಿಂದ ನಿನ್ನ ತಮ್ಮನ ಮನೆಗೆ ಎಷ್ಟು ದೂರ? ಮಾಡಿಟ್ಟ ಚಹಾ ಆರುವುದರೊಳಗೆ ಹೋಗಿಬರಬಹುದು. ಆದರೆ ನಡುವೆ ಗಡಿಯ ರಸ್ತೆ ದಾಟಬೇಕಲ್ಲ. ಬೇಸಿಗೆ ಬಂತೆಂದರೆ ನಾವು ನ್ಯೂ ಸೌತ್ ವೇಲ್ಸಿನವರು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತೇವೆ. ಹಸು ಹಾಲು ಕೊಡುವುದಿಲ್ಲ, ಕಿಟಕಿಯ ಪರದೆ ಬಣ್ಣಗೆಡುತ್ತದೆ ಎಂದುಕೊಂಡು ರಸ್ತೆಯಾಚೆಯ ನಿಮ್ಮ ಕ್ವೀನ್ಸ್‌ಲ್ಯಾಂಡಿನವರು ಇದ್ದಲ್ಲೇ ಕೂತಿರುತ್ತಾರೆ. ಮುನಿಸಿಕೊಂಡು ಹೋಗುವವರು ಬೇರೆ ಊರಿಗೆ ಹೋಗುತ್ತಾರೆ. ನೀನು ಬೇರೆ ಗಂಟೆಗೇ ಹೋದೆ.

ಇದರಲ್ಲಿ ಉದ್ಧಾರವಾದವನು ಸಾರ್ಜೆಂಟ್ ಒಬ್ಬನೇ. ಸಂಜೆ ಐದಕ್ಕೆ ಇಲ್ಲಿ ಊಟ ಮುಗಿಸಿ, ಬಾಲ ಅಲ್ಲಾಡಿಸುತ್ತ ರಸ್ತೆ ದಾಟಿ ನಿನ್ನ ಹತ್ತಿರ ಬರುತ್ತಾನೆ. ಅಲ್ಲಿ ಆಗಷ್ಟೇ ನಾಲ್ಕು ದಾಟಿರುತ್ತದೆ. ಐದಕ್ಕೆ ಮತ್ತೊಂದು ಊಟ. ನಾಯಿ ಪೀಪಾಯಿಯಾಗಿದೆ ಡೆಸ್. ಒಂದು ಕಡೆಯಾದರೂ ನಿಲ್ಲಿಸೋಣ. ನೀನಂತೂ ಸೊರಗಿದ್ದೀಯೆಂದು ನೋಯೆಲೀನ್ ಹೇಳಿದಳು. ಸೋಮವಾರ ಮಾರ್ಜ್‌ಳ ಮೀನಂಗಡಿಯಲ್ಲಿ ಮಾರನೇ ದಿನದ್ದನ್ನೂ ಸೇರಿಸಿ ಮೀನು, ಚಿಪ್ಸ್ ಕಟ್ಟಿಸಿಕೊಳ್ಳುತ್ತಿದ್ದೆಯಂತೆ. ತಣ್ಣಗಾದ ಚಿಪ್ಸ್ ತಿನ್ನುವ ಹಣೆಬರಹ ನಿನಗೆ ಯಾರು ಬರೆದರು?

ಇರಲಿ. ಮೊದಲು ನನ್ನ ದೂರು ಕೇಳು. ನಾನು ಕೂದಲು ಕತ್ತರಿಸಿಕೊಳ್ಳಲು ಹೋಗಿದ್ದ ಆ ಶುಕ್ರವಾರ ನೀನು ಮನೆಯ ಕಂಪ್ಯೂಟರಿಗೆ ಹೊಸ ಸಿಸ್ಟಮ್ ಹಾಕಿದೆ. ಬಂದು ನೋಡಿದರೆ ನನ್ನದು ಎನ್ನುವುದು ಒಂದೂ ಇದ್ದಲ್ಲಿಲ್ಲ. ಅಮ್ಮನ ಫೋಟೋಗಳೆಲ್ಲಿ ಎಂದರೆ ‘ಮೋಡದಲ್ಲಿವೆ’ ಅಂದೆ. ಅಮ್ಮನೇ ಅಲ್ಲಿದ್ದಾಳೆ, ಫೋಟೋನೂ ಯಾಕೆ ಕಳಿಸಿದೆ ಎಂದು ನಾನು ಕೇಳಿದೆ. ನೀನು ನಕ್ಕೆ. ಆ ನಗು ಇದೆಯಲ್ಲ, ಅದಕ್ಕೇ ನನ್ನ ಮೈಯೆಲ್ಲ ಉರಿದದ್ದು. ಹಳೆಯ ಸಿಸ್ಟಮ್ಮಿಗೆ ಇನ್ನು ಕಂಪನಿಯವರ ಕಾವಲಿಲ್ಲ, ಕಳ್ಳರು ನುಗ್ಗುತ್ತಾರೆ ಎಂದು ನೀನು ಹೇಳಿದ್ದು ಸುಳ್ಳಲ್ಲದಿರಬಹುದು. ಆದರೆ ನನ್ನನ್ನು ಒಂದು ಮಾತು ಕೇಳಬಾರದಿತ್ತೇ? ಅಡುಗೆಮನೆಯ ಕಪಾಟು ಬದಲಿಸಿದಾಗಲೂ ಕೇಳಲಿಲ್ಲ, ಕಾರು ಮಾರಿದಾಗಲೂ ಕೇಳಲಿಲ್ಲ. ನಾನು ಅದನ್ನು ಹೇಳಿದ್ದಕ್ಕೆ ನೀನು ‘ನಿನ್ನ ಮಾತು ಕೇಳಿದ್ರೆ ಇನ್ನೂ ಸ್ಲೇಟು ಬಳಪ ಹಿಡ್ಕೊಂಡು ಕೂತಿರ್ಬೇಕಿತ್ತು’ ಅಂದೆ. ‘ಹಾಗಾದ್ರೆ ಹೊಸ ಸಿಸ್ಟಮ್ ಇರೋ ಹೆಂಡ್ತೀನೇ ಹುಡುಕ್ಕೋ ಹೋಗು’ ಎಂದೆ ನಾನು. ಇಬ್ಬರೂ ಅಲ್ಲಿಗೇ ಬಾಯಿ ಮುಚ್ಚಿದ್ದರೆ ಆಗುತ್ತಿತ್ತು.

ಅಷ್ಟಕ್ಕೆ ಬಿಟ್ಟೆಯಾ? ಇಲ್ಲ. ನಾವೆಲ್ಲ ಸರದಿಯಲ್ಲಿ ಕೂರುವ ಕಡಲ ಕಾವಲು ಸಂಘದ ರೇಡಿಯೋ ಕೋಣೆಗೂ ಅದನ್ನೇ ಹಾಕಿಟ್ಟು, ಆಮೇಲೆ ಹೊರಟೆ. ಇರಲಾರದವರು ಇರುವೆ ಬಿಟ್ಟುಕೊಂಡರಂತೆ. ಬೆರಿಲ್‌ಗೆ ಮಾತ್ರ ಅದು ಅಚ್ಚುಮೆಚ್ಚು. ‘ಅಕ್ಷರ ಎಷ್ಟು ದಪ್ಪಗೆ ಬರ್ತವೆ ಅಂತೀಯ ಗ್ಲೆನ್, ಕನ್ನಡಕನೇ ಬೇಡ’ ಅನ್ನುತ್ತಾಳೆ. ಅಧ್ಯಕ್ಷ ಕ್ಲೈವ್ ಅದರ ಜೊತೆ ಮಾತಾಡಿ ಹವಾಮಾನ ಕೇಳುತ್ತಾನೆ. ಮೂರು ಸಲ ಕೇಳಿದ ಮೇಲೆ ಅದು ಯಾವುದೋ ದೇಶದ ಹವಾಮಾನ ಹೇಳುತ್ತದೆ, ಆದರೂ ಅವನಿಗೆ ಖುಷಿ. ಪ್ರಿಂಟರಿಗೂ ಅದಕ್ಕೂ ಮಾತುಕತೆ ಇಲ್ಲ. ನನಗೋ, ಒಂದು ಕೆಲಸಕ್ಕೆ ಕೂತರೆ ಮಧ್ಯೆ ಹತ್ತು ಸಲಹೆ ಕೊಟ್ಟು ತಲೆ ಚಿಟ್ಟು ಹಿಡಿಸುತ್ತದೆ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ, ಹಾಗೆ.

ಇಷ್ಟನ್ನೂ ಸಹಿಸಿಕೊಂಡೆ. ಮಂಗಳವಾರದ್ದನ್ನು ಸಹಿಸಲಾರೆ. ಅವತ್ತು ಏನಾಯಿತೆಂದು ನಿನಗೆ ಯಾರೂ ಸರಿಯಾಗಿ ಹೇಳಿರಲಿಕ್ಕಿಲ್ಲ. ನೀರಿನಲ್ಲಿದ್ದವನು ನೀನು, ರೇಡಿಯೋ ಮುಂದೆ ಇದ್ದವಳು ನಾನು.

ಹಿಂದಿನ ರಾತ್ರಿ ಸಿಸ್ಟಮ್ ತನ್ನನ್ನು ತಾನೇ ಅಪ್‌ಡೇಟ್ ಮಾಡಿಕೊಂಡಿದೆ. ಬೆಳಗಿನ ಸರದಿಗೆ ನೋಯೆಲೀನ್ ಬಂದು ಕೂತಾಗ ‘ನೀವು ಎಲ್ಲಿದ್ದೀರೆಂದು ನಾನೇ ತಿಳಿದುಕೊಳ್ಳಲೇ?’ ಎಂದು ಕೇಳಿದೆ. ನೋಯೆಲೀನ್ ಗೊತ್ತಲ್ಲ, ಜನ್ಮದಲ್ಲಿ ಯಾರಿಗೂ ಇಲ್ಲ ಅಂದವಳಲ್ಲ. ‘ಅಷ್ಟು ಮರ್ಯಾದೆಯಿಂದ ಕೇಳ್ತು ಕಣೇ, ಹೂಂ ಅಂತ ಒತ್ತಿಬಿಟ್ಟೆ’ ಎಂದು ಆಮೇಲೆ ಅತ್ತಳು. ಒತ್ತಿದ್ದೇ ತಡ, ಅದು ಗಡಿಯಾಚೆಯ ಫೋನ್ ಟವರನ್ನು ಹಿಡಿದು, ನಾವೆಲ್ಲ ಕ್ವೀನ್ಸ್‌ಲ್ಯಾಂಡಿನಲ್ಲಿದ್ದೇವೆಂದು ತೀರ್ಮಾನಿಸಿ, ಗಂಟೆಯನ್ನು ಒಂದು ಹಿಂದೆ ಹಾಕಿಕೊಂಡಿತು. ನೋಯೆಲೀನ್ ಪರದೆ ನೋಡಿ, ಇವತ್ತು ಬೇಗ ಬಂದುಬಿಟ್ಟೆನೆಂದು ತನ್ನ ಬೆನ್ನು ತಾನೇ ತಟ್ಟಿಕೊಂಡಳಂತೆ. ಫೋನುಗಳು ಹೀಗೆ ಮಾಡುತ್ತವೆಂದು ಊರಿಗೆಲ್ಲ ಗೊತ್ತು. ಹಜಾರದಲ್ಲಿ ಒಂದು ಗಂಟೆ ತೋರಿಸಿ ಹಿತ್ತಲಲ್ಲಿ ಇನ್ನೊಂದು ತೋರಿಸುವ ಫೋನನ್ನು ಇಲ್ಲಿ ಯಾರು ನಂಬುತ್ತಾರೆ? ಆದರೆ ರೇಡಿಯೋ ಕೋಣೆಯ ಹಳೆಯ ಪೆಟ್ಟಿಗೆಗೆ ನಾವು ಹೇಳಿದ್ದೇ ಗಂಟೆಯಾಗಿತ್ತು. ಗೋಡೆಯ ಮೇಲೆ ದೊಡ್ಡ ಗಡಿಯಾರವಾದರೂ ಇತ್ತು. ‘ಪರದೆ ಮೇಲೇ ಗಂಟೆ ಬರುತ್ತೆ, ಎರಡೆರಡು ಯಾಕೆ’ ಎಂದು ಅದನ್ನು ಕಿತ್ತವನು ಯಾರು? ಅದು ಈಗ ನಿನ್ನ ಗ್ಯಾರೇಜಿನಲ್ಲಿದೆಯೆಂದು ಲ್ಯಾನ್ಸ್ ಹೇಳಿದ.

ನೀನು ದೋಣಿ ಬಿಟ್ಟಾಗ ಪದ್ಧತಿ ಪ್ರಕಾರ ರೇಡಿಯೋದಲ್ಲಿ ಹೇಳಿದ್ದೆ: ಒಬ್ಬನೇ ಇದ್ದೇನೆ, ಎರಡಕ್ಕೆ ವಾಪಸ್. ಗಡಿಯ ಯಾವ ಕಡೆ ಮಲಗಿ ಎದ್ದಿದ್ದರೂ ರೇಡಿಯೋದಲ್ಲಿ ಹೇಳುವುದು ನಮ್ಮ ಗಂಟೆಯನ್ನೇ ಎನ್ನುವುದನ್ನು ನೀನು ಮರೆತಿರಲಿಲ್ಲ. ಅಷ್ಟರಮಟ್ಟಿಗೆ ಶಹಬ್ಬಾಸ್. ನೋಯೆಲೀನ್ ಎರಡು ಎಂದು ಕಂಪ್ಯೂಟರಿಗೆ ಹಾಕಿದಳು. ಎರಡಾಗಿಯೂ ನೀನು ಬಾರದಿದ್ದರೆ ಕಂಪ್ಯೂಟರ್ ಕೂಗಬೇಕು. ಅದನ್ನೇ ನಂಬಿಕೊಂಡಲ್ಲವೇ ನಾವೆಲ್ಲ ಕೂರುವುದು?

ಮಧ್ಯಾಹ್ನ ನಾನು ಹೋದಾಗ ‘ಇವತ್ತೇನು ಇಷ್ಟು ಬೇಗ? ನಿಮ್ಮ ಯಜಮಾನ್ರು ಹೊರಗಿದಾರೆ ಅಂತ್ಲಾ?’ ಎಂದು ನೋಯೆಲೀನ್ ಚುಡಾಯಿಸಿದಳು. ಬಾಯ್ಮುಚ್ಚೇ ಎಂದು ಅವಳನ್ನು ಮನೆಗಟ್ಟಿದೆ. ಪರದೆಯ ಮೂಲೆಯಲ್ಲಿ, ಗಂಟೆ ಇರುವ ಜಾಗದ ಮೇಲೇ, ‘ಹೊಸದೇನಿದೆ ನೋಡಿ!’ ಎನ್ನುವ ಬಣ್ಣದ ಚೌಕವೊಂದು ಬಂದು ಕೂತಿತ್ತು. ಮುಚ್ಚಿದರೆ ಇನ್ನೊಂದು, ಅದನ್ನು ಮುಚ್ಚಿದರೆ ಮತ್ತೊಂದು. ನಡುನಡುವೆ ದೋಣಿಗಳ ಕರೆ. ನಿನ್ನ ದನಿಗಾಗಿ ಒಂದು ಕಿವಿ ಇಟ್ಟುಕೊಂಡೇ ಇದ್ದೆ, ಯಾಕೆ ಸುಳ್ಳು ಹೇಳಲಿ. ಕಂಪ್ಯೂಟರ್ ಕೂಗಿಲ್ಲ, ಅಂದಮೇಲೆ ಇನ್ನೂ ಎರಡಾಗಿಲ್ಲ ಎಂದುಕೊಂಡೆ.

ಕೊನೆಗೂ ಆ ಚೌಕ ತೊಲಗಿತು. ಗಂಟೆ ನೋಡಿದರೆ ಒಂದೂವರೆ. ಅಷ್ಟರಲ್ಲಿ ಕಿಟಕಿಯಾಚೆ ಕಣ್ಣು ಹೋಯಿತು. ಕೆಳಗೆ ಮೀನು ಕೊಯ್ಯುವ ಕಟ್ಟೆಯ ಹತ್ತಿರ ಪೆಲಿಕನ್‌ಗಳು ಕೊಕ್ಕು ತೆರೆದು ಗುಂಪುಗೂಡಿದ್ದವು. ಮಾರ್ಜ್ ಅವಕ್ಕೆ ಮೀನಿನ ತಲೆ ಹಾಕುವುದು ಎರಡೂವರೆಗಲ್ಲವೇ? ಹೊಟ್ಟೆ ಹಸಿದ ಹಕ್ಕಿ ಹೊತ್ತು ತಪ್ಪುವುದಿಲ್ಲ. ಪರದೆ ತೋರಿಸುತ್ತಿರುವುದು ಗಡಿಯಾಚೆಯ ಗಂಟೆ. ನೀನು ಬರಬೇಕಾದ ಹೊತ್ತು ಮೀರಿ ಅರ್ಧ ಗಂಟೆಯಾಗಿದೆ.

ರೇಡಿಯೋದಲ್ಲಿ ಕೂಗಿದೆ. ಮತ್ತೆ ಕೂಗಿದೆ. ನಿಯಮದ ಪ್ರಕಾರ ದೋಣಿಯ ಹೆಸರಿಂದ ಕರೆಯಬೇಕು. ನಾನು ‘ಡೆಸ್, ಡೆಸ್, ಎಲ್ಲಿದ್ದೀಯೋ ಮಾರಾಯ’ ಎಂದು ಕರೆದೆ. ಕರಾವಳಿಯ ಅಷ್ಟೂ ದೋಣಿಯವರು ಕೇಳಿಸಿಕೊಂಡರು. ಕೇಳಿಸಿಕೊಳ್ಳಲಿ. ಬ್ಯಾಟರಿ ಸತ್ತು, ಇಂಜಿನ್ನೂ ರೇಡಿಯೋನೂ ಒಟ್ಟಿಗೇ ಹೋಗಿ, ನೀನು ಆಗ್ನೇಯದ ಗಾಳಿಗೆ ಅಳಿವೆಯ ಕಡೆ ತೇಲುತ್ತಿದ್ದೀಯೆಂದು ನನಗೇನು ಗೊತ್ತು? ಕ್ಲೈವನಿಗೆ ಫೋನು ಮಾಡಿ ರಕ್ಷಣಾ ದೋಣಿ ಬಿಡಿ ಎಂದೆ. ‘ಕಂಪ್ಯೂಟರ್ ಕೂಗಿಲ್ವಲ್ಲ ಗ್ಲೆನಿಸ್’ ಅಂದ. ‘ಕಂಪ್ಯೂಟರ್ ಕೂಗದಿದ್ರೆ ಏನಂತೆ, ನಾನು ಕೂಗ್ತಿದೀನಲ್ಲ!’ ಎಂದೆ. ಅವನು ದೋಣಿ ಹೊರಡಿಸಿದ.

ಅವರು ನಿನ್ನನ್ನು ಕಟ್ಟಿ ಎಳೆದು ತಂದಾಗ ‘ಇನ್ನರ್ಧ ಗಂಟೆ ಹೋಗಿದ್ರೆ ಮರಳ ದಿಬ್ಬದ ಮೇಲೆ ಅಲೆ ಮಗುಚಿ ಹಾಕ್ತಿತ್ತು’ ಎಂದು ಕ್ಲೈವನೇ ಹೇಳಿದ. ಅರ್ಧ ಗಂಟೆ, ಡೆಸ್. ನಾನು ಕೂಗಿದಾಗ ನಿನ್ನ ಕಂಪ್ಯೂಟರ್ ಕೂಗಲು ಇನ್ನೂ ಅಷ್ಟೇ ಬಾಕಿಯಿತ್ತು.

ಜೆಟ್ಟಿಯಲ್ಲಿ ನೀನು ಕಂಬಳಿ ಹೊದ್ದು ನಡುಗುತ್ತಿದ್ದೆ. ‘ಥ್ಯಾಂಕ್ಸ್ ಗ್ಲೆನ್’ ಎಂದೆ. ನಾನು ‘ಬ್ಯಾಟರಿ ನೋಡ್ಕೊಳ್ದೆ ಸಮುದ್ರಕ್ಕೆ ಹೋಗ್ತಾರಾ, ದಡ್ಡ ಮುಂಡೇದೇ’ ಎಂದು ಎಲ್ಲರೆದುರು ಬೈದೆ. ಚಹಾದ ಫ್ಲಾಸ್ಕನ್ನೂ ನಿನ್ನ ಕೈಗೆ ಕೊಡಲಿಲ್ಲ, ಲ್ಯಾನ್ಸ್‌ನ ಕೈಗೆ ತುರುಕಿ ಬಂದೆ. ನಿನ್ನ ಹತ್ತಿರ ಬಂದಿದ್ದರೆ ನನಗೆ ಅಳು ತಡೆಯುತ್ತಿರಲಿಲ್ಲ. ಊರಿನವರ ಮುಂದೆ ಅಳುವುದಕ್ಕಿಂತ ಬೈಯುವುದು ನನಗೆ ಮೊದಲಿನಿಂದಲೂ ಸುಲಭ.

ಈಗ ನೀನು ಮಾಡಬೇಕಾದ್ದು ಹೇಳುತ್ತೇನೆ. ಗೋಡೆಯ ಗಡಿಯಾರವನ್ನು ತಂದು ಅದರ ಮೊಳೆಗೆ ತೂಗುಹಾಕು. ಸಿಸ್ಟಮ್ಮಿಗೆ ಗಂಟೆಯನ್ನು ಕೈಯಿಂದ ಹಾಕಿ, ಅದು ಯಾರನ್ನೂ ಕೇಳಿ ಬದಲಿಸಿಕೊಳ್ಳದ ಹಾಗೆ ಬೀಗ ಜಡಿ. ಹಳೆಯದನ್ನೇ ವಾಪಸ್ ಹಾಕು ಅನ್ನುವುದಿಲ್ಲ. ಬೆರಿಲ್‌ಗೆ ದಪ್ಪ ಅಕ್ಷರ ಬೇಕು, ಕಳ್ಳರ ಭಯ ನನಗೂ ಇದೆ. ಹೊಸದರ ಮೇಲೆ ನನಗೆ ಹಗೆಯಿಲ್ಲ. ಕೇಳದೆ ಮಾಡುವುದರ ಮೇಲೆ ಇದೆ. ಆಮೇಲೆ ಮನೆಗೆ ಬಂದು ಆ ಪೆಟ್ಟಿಗೆಗೆ ನಾನು ಯಾರೆಂದು ಹೇಳು. ಅಮ್ಮನ ಫೋಟೋಗಳನ್ನು ಮೋಡದಿಂದ ಇಳಿಸು. ಶನಿವಾರ ಕುರಿಯ ರೋಸ್ಟ್ ಮಾಡುತ್ತಿದ್ದೇನೆ. ಒಬ್ಬಳಿಗೆ ಅದು ಜಾಸ್ತಿ, ನಾಯಿಗೆ ಹಾಕುವಂತಿಲ್ಲ.

ಸಿಟ್ಟು ಪೂರ್ತಿ ಇಳಿದಿಲ್ಲ. ಆದರೂ ಕೈ ಈಗ ಬರುತ್ತಿದೆ.

ಪ್ರೀತಿಯ ಡೆಸ್, ಇಂತಿ ನಿನ್ನ
ಗ್ಲೆನಿಸ್

ತಾ.ಕ.: ಮಂಗಳವಾರ ಮಾರ್ಜ್‌ಳ ಅಂಗಡಿಗೆ ರಜೆ. ಅವತ್ತು ಕಟ್ಟೆಯ ಹತ್ತಿರ ಒಂದು ಪೆಲಿಕನ್ನೂ ಇರಲಿಲ್ಲ. ಓದುವಾಗ ನಿನಗೇ ಅನುಮಾನ ಬಂದಿರುತ್ತದೆ, ಅದಕ್ಕೆ ಹೇಳಿಬಿಡುತ್ತೇನೆ. ನೀನು ಹೋದ ದಿನವೇ ಅಮ್ಮನ ಕೈಗಡಿಯಾರವನ್ನು ಒಂದು ಗಂಟೆ ಹಿಂದಿಟ್ಟು ಕಟ್ಟಿಕೊಂಡಿದ್ದೇನೆ. ಈಗ ಎದ್ದಿರುತ್ತಾನೆ, ಈಗ ಚಹಾ ಕುಡಿಯುತ್ತಿರುತ್ತಾನೆ, ಈಗ ದೀಪ ಆರಿಸಿರುತ್ತಾನೆ ಎಂದು ನೋಡಿಕೊಳ್ಳಲಿಕ್ಕೆ. ಅವತ್ತು ಪರದೆ ನೋಡಿದೆ, ಮಣಿಕಟ್ಟು ನೋಡಿದೆ, ಎರಡೂ ಒಂದೇ ಗಂಟೆ ತೋರಿಸಿದವು. ಹಾಗೆ ತೋರಿಸಲೇಬಾರದಿತ್ತು. ಗೊತ್ತಾದದ್ದು ಹಾಗೆ. ಇದನ್ನು ಮತ್ತೆ ಮುಂದಿಡಬೇಕೋ ಬೇಡವೋ, ಶನಿವಾರ ಬಂದು ಹೇಳು. ನಾನಾದರೋ ಕೇಳಿಯೇ ಮಾಡುವವಳು.