ಅರವತ್ತೆರಡನೆಯ ಪುಟ

ಮಂಗಳವಾರ, ಬೆಳಿಗ್ಗೆ

ಪ್ರೀತಿಯ ಅಕ್ಕನಿಗೆ,

ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು, ಕಾಗುಣಿತವೂ ಅಷ್ಟಕ್ಕಷ್ಟೇ. ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟವಳು, ಮನ್ನಿಸಿ. ನಿಮ್ಮ ಅಮ್ಮನನ್ನು ನೋಡಿಕೊಳ್ಳಲು ಬಂದು ಎರಡು ವರ್ಷವಾದರೂ, ಫೋನಿನಲ್ಲಿ ನೀವು ಹಲೋ ಅಂದ ಕೂಡಲೇ ನನ್ನ ಮಾತು ಪಿಸುಮಾತಾಗುತ್ತದೆ. ಎಲ್ಲ ಸರಿ ಇದೆ ಅಕ್ಕ ಅಂದುಬಿಡುತ್ತೇನೆ. ಎಲ್ಲ ಸರಿ ಇಲ್ಲ.

ಅಮ್ಮನ ಪುಸ್ತಕ ಮೂರನೆಯ ಸಲ ಅಚ್ಚಾಗುತ್ತಿದೆ, ಮನೆಯಲ್ಲಿರುವ ಪ್ರತಿ ಕಳಿಸು ಎಂದಿದ್ದಿರಿ. ಇದರ ಜೊತೆಗಿದೆ. ಅಂಚಿನಲ್ಲೆಲ್ಲ ಪೆನ್ಸಿಲಿನಲ್ಲಿ ಗೀಚಿದೆ. ದಯವಿಟ್ಟು ಅಳಿಸಬೇಡಿ, ಅದೂ ಅಮ್ಮನದೇ.

ಮೂವತ್ತು ವರ್ಷ ಮರೆವಿನ ರೋಗಿಗಳ ನರ್ಸ್ ಆಗಿದ್ದು, ಮರೆವಿನ ಜೊತೆಯಲ್ಲೂ ಹೇಗೆ ಚೆನ್ನಾಗಿ ಬದುಕಬಹುದು ಎಂದು ಬರೆದವರಿಗೆ, ಈಗ ಅದನ್ನು ಬರೆದದ್ದು ತಾನೇ ಎಂಬ ನೆನಪಿಲ್ಲ. ದಿನಾ ಮಧ್ಯಾಹ್ನ ನನ್ನಿಂದ ಓದಿಸುತ್ತಾರೆ. ಒಂದು ದಿನ ಕೇಳಿದರು, ಯಾರೇ ಇದನ್ನ ಬರೆದೋಳು, ಬುದ್ಧಿವಂತೆ, ಆದರೆ ಪಾಪ, ಅವಳಿಗಿನ್ನೂ ಮರೆವು ಬಂದಿಲ್ಲ ಅಂತ ಕಾಣುತ್ತೆ ಅಂತ. ಇಬ್ಬರೂ ನಕ್ಕೆವು. ಆಮೇಲೆ ಪೆನ್ಸಿಲ್ ಕೇಳಿ ಇಸಿದುಕೊಂಡು ತಿದ್ದತೊಡಗಿದರು. ‘ಎರಡು ಉಡುಪು ತೋರಿಸಿ, ಅವರೇ ಆರಿಸಲಿ’ ಎಂದಿರುವ ಕಡೆ, ‘ಎರಡೂ ಹಳದಿಯಾದರೆ?’ ಎಂದು ಬರೆದಿದ್ದಾರೆ. ಆ ದಿನ ನಾನು ತೋರಿಸಿದ್ದು ಎರಡೂ ಹಳದಿಯೇ.

ಅರವತ್ತೆರಡನೆಯ ಪುಟ ನಿಮಗೆ ಗೊತ್ತು. ಕನ್ನಡಿಯಲ್ಲಿ ಬೇರೆ ಯಾರೋ ಇದ್ದಾರೆ ಎಂದು ರೋಗಿ ತಿಳಿದರೆ, ಕನ್ನಡಿಯನ್ನು ಮುಚ್ಚಿ ಎಂದಿದೆ. ಊಟದ ಮೇಜಿನ ಎದುರಿನ ಉದ್ದ ಕನ್ನಡಿಯಲ್ಲಿ ಅಮ್ಮನಿಗೆ ಒಬ್ಬರು ಕಾಣುತ್ತಿದ್ದರು. ಅಮ್ಮ ತುತ್ತು ಎತ್ತಿ ತೋರಿಸಿದರೆ ಅವರೂ ಎತ್ತುತ್ತಿದ್ದರು. ಹಾಗೇ ತಟ್ಟೆ ಖಾಲಿಯಾಗುತ್ತಿತ್ತು. ಇದನ್ನು ಹೇಳಿದಾಗ ನೀವು ಹೆದರಿದಿರಿ. ಅಮ್ಮನೇ ಬರೆದಿದ್ದಾಳಲ್ಲ, ಮುಚ್ಚಿಬಿಡು ಎಂದಿರಿ. ನಿಮ್ಮ ತಪ್ಪಲ್ಲ. ನನಗೂ ಭಯವಿತ್ತು. ಬೆನ್ನು ತಿರುಗಿಸಿ ಪಾತ್ರೆ ತೊಳೆಯುವಾಗ ಮನೆಯಲ್ಲಿ ಮೂರು ಜನ ಇದ್ದ ಹಾಗೆ ಅನ್ನಿಸುತ್ತಿತ್ತು.

ಹಸಿರು ಹೊದಿಕೆ ಮುಚ್ಚಿ ಹನ್ನೊಂದು ದಿನ. ಆಗಿನಿಂದ ಊಟಕ್ಕೆ ಎರಡು ತುತ್ತು, ಹೆಚ್ಚೆಂದರೆ ಮೂರು. ಕೈಗಡಿಯಾರ ಮೊಣಕೈವರೆಗೆ ಜಾರುತ್ತದೆ. ಅಮ್ಮ ಅಳುವುದಿಲ್ಲ. ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಾರೆ. ಅವಳು ಹೇಳದೆ ಹೋಗೋಳಲ್ಲ, ನೀನೇನಾದರೂ ಅಂದೆಯಾ ಎಂದು ನನ್ನನ್ನು ಕೇಳುತ್ತಾರೆ. ಹೊದಿಕೆಯ ಮೇಲೆ ಅಂಗೈಯಿಟ್ಟು ಏನೋ ಮೆಲ್ಲಗೆ ಮಾತಾಡುತ್ತಾರೆ. ಫ್ಯಾನಿನ ಗಾಳಿಗೆ ಬಟ್ಟೆ ಉಬ್ಬಿದರೆ, ಅದರ ಹಿಂದೆ ಯಾರೋ ಉಸಿರು ಬಿಟ್ಟ ಹಾಗಾಗಿ ನಾನೂ ತಿರುಗಿ ನೋಡುತ್ತೇನೆ.

ಭಾನುವಾರ ನೀವು ಫೋನಿನಲ್ಲಿ ತಟ್ಟೆ ಖಾಲಿಯಾಯಿತಾ ಎಂದು ಕೇಳಿದಿರಿ. ಆಯಿತು ಎಂದೆ. ಖಾಲಿ ಮಾಡಿದ್ದು ನಾನು ಅಕ್ಕ.

ನಿನ್ನೆ ಓದುತ್ತಾ ಆ ಪುಟ ಬಂತು. ಅದನ್ನು ತಪ್ಪಿಸಲೆಂದು ನಾನು ಎರಡು ಹಾಳೆ ಒಟ್ಟಿಗೆ ಮಗುಚಿದೆ. ಅಮ್ಮ ಬಿಡಬೇಕಲ್ಲ, ಕಳ್ಳಿ, ಸರಿಯಾಗಿ ತಿರುಗಿಸು ಅಂದರು. ಓದಿದೆ. ಅಮ್ಮ ಪೆನ್ಸಿಲ್ ಎತ್ತಿಕೊಂಡರು. ಆಮೇಲೆ ಒಂದೇ ಸಾಲು ಬರೆದರು, ಅದಕ್ಕೇ ಅರ್ಧ ಗಂಟೆ ಹಿಡಿಯಿತು. ‘ಮುಚ್ಚುವ ಮೊದಲು, ಬಂದಿರುವುದು ಯಾರೆಂದು ಕೇಳಿ.’

ಎರಡು ವರ್ಷದಲ್ಲಿ ನಾನು ಕೇಳಿರಲಿಲ್ಲ. ಪುಸ್ತಕದಲ್ಲೂ ಇರಲಿಲ್ಲ. ನಿನ್ನೆ ಕೇಳಿದೆ.

ಹೊಸ ಪುಸ್ತಕದಲ್ಲಿ ಆ ಸಾಲು ಸೇರಿಸಿ ಅಕ್ಕ. ಹಳೆಯ ಪುಟವನ್ನು ಓದಿ ಇನ್ನೆಷ್ಟು ಮನೆಗಳಲ್ಲಿ ಬಟ್ಟೆ ಮುಚ್ಚಿದ್ದಾರೋ ಎಂದು ನೆನೆದರೆ ನನಗೆ ನಿದ್ದೆ ಬರುವುದಿಲ್ಲ. ಇವತ್ತು ನಾನು ನಮ್ಮ ಹೊದಿಕೆ ತೆಗೆದು ಮಡಚಿಟ್ಟೆ. ನಿಮ್ಮನ್ನು ಕೇಳಲಿಲ್ಲ. ಅಮ್ಮ ಎರಡು ಚೂರು ಬ್ರೆಡ್ಡು, ಒಂದು ಲೋಟ ಹಾಲು ಮುಗಿಸಿದರು. ಈ ಸಲ ತಿಂದದ್ದು ಅವರೇ. ನೀವು ಬೈದರೆ ಬೈಸಿಕೊಳ್ಳುತ್ತೇನೆ, ಕೆಲಸ ಬಿಡು ಎಂದರೆ ಬಿಡುತ್ತೇನೆ. ಆ ಬಟ್ಟೆಯನ್ನು ಮಾತ್ರ ನನ್ನ ಕೈಯಿಂದ ಮತ್ತೆ ಹಾಕಲಾರೆ.

ಇಂತಿ,
ಅಮ್ಮ ‘ಪಿಸುಪಿಸು’ ಎಂದು ಕರೆಯುವ ನಾನು

ಮರೆತದ್ದು: ಮರೆಯಲಿಲ್ಲ, ಬರೆಯಲು ಧೈರ್ಯ ಬರಲಿಲ್ಲ. ಯಾರು ಬಂದಿರೋದು ಅಂತ ಕೇಳಿದಾಗ ಅಮ್ಮ ನನಗೇ ಮರೆವು ಬಂದಿರಬೇಕು ಅನ್ನುವ ಹಾಗೆ ನೋಡಿದರು. ನನ್ನ ಮಗಳು ಕಣೇ, ಅಷ್ಟೂ ಗೊತ್ತಾಗಲ್ವಾ, ನೋಡು ಕೂದಲೆಲ್ಲ ಹಣ್ಣಾಗಿದೆ, ಕೆಲಸ ಕೆಲಸ ಅಂತ ಸೊರಗಿದಾಳೆ, ನಾನು ತಿಂದರೇ ಅವಳೂ ತಿನ್ನೋದು ಅಂದರು.

ಬೆಳಿಗ್ಗೆ ತಿಂಡಿಯಾದ ಮೇಲೆ ಕನ್ನಡಿ ಒರೆಸಲು ಹೋದೆ. ಕೆನ್ನೆಯ ಎತ್ತರಕ್ಕೆ ಬೆರಳಿನ ಗುರುತುಗಳಿದ್ದವು. ಅಷ್ಟು ಜಾಗ ಬಿಟ್ಟು ಒರೆಸಿದೆ.